ಲಗೇಜಿಗೊಂದು ಟಿಕೆಟ್

ಎಸ್.ಪಿ. ರೋಡಿನಲ್ಲಿ ನಡೆಯುವುದೆಂದರೆ
ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಬಂದ ಹಾಗೆ:
ಭುಜ ಮೊದಲು, ಆಮೇಲೆ ಚೀಲ, ಕೊನೆಗೆ ನಾನು.
ಇಪ್ಪತ್ತೆರಡು ವರ್ಷದ ಅಭ್ಯಾಸ.

ಮೂರನೇ ಅಂಗಡಿಯಲ್ಲೂ ಅದೇ ಪ್ರಶ್ನೆ,
"ಮಗನಿಗಾ ಮೇಡಂ? ಯಾವ ಕ್ಲಾಸು?"
ಮಗನಿಲ್ಲ. ಇರುವ ಮಗಳಿಗೆ ಆಟವೆಂದರೆ ಖೋಖೋ.
"ನನಗೇ" ಅಂದೆ.
ನಯಾಜ್ ಎಂಬ ಹುಡುಗ ಕ್ಯಾಲ್ಕುಲೇಟರಿನಿಂದ ತಲೆಯೆತ್ತಿ
ಒಮ್ಮೆ ನೋಡಿದ.
ನಗಲಿಲ್ಲ. ಅದಕ್ಕೇ ಅಲ್ಲಿ ಕೂತೆ.

"ಯಾವ ಗೇಮು?"
ಲಾರಿ ಓಡಿಸೋದು. ಹಿಮದ ಮೇಲೆ, ರಾತ್ರಿ,
ಎರಡು ಸಾವಿರ ಮೈಲಿ, ಒಬ್ಬಳೇ.
ಪಕ್ಕದ ಮನೆ ಹುಡುಗನ ಫೋನಿನಲ್ಲಿ ನೋಡಿದ್ದೆ:
ವೈಪರು ಆಡುತ್ತಿತ್ತು,
ಹತ್ತುವವರಿಲ್ಲ, ಇಳಿಯುವವರಿಲ್ಲ,
ಐನೂರರ ನೋಟು ಚಾಚಿ
ಚಿಲ್ಲರೆ ಕೇಳುವವರಿಲ್ಲ.

ಅವನು ಬಿಲ್ಲಿನ ಬೆನ್ನ ಮೇಲೆ ಬರೆಯತೊಡಗಿದ.
ಪ್ರೊಸೆಸರು, ಅದಕ್ಕೆ ಹೊಂದುವ ಬೋರ್ಡು,
ರ‍್ಯಾಮು ಹದಿನಾರು ಸಾಕು, ಮುಂದೆ ಇನ್ನೊಂದು ಸಿಕ್ಕಿಸಬಹುದು.
ಗ್ರಾಫಿಕ್ಸ್ ಕಾರ್ಡಿನ ಬೆಲೆ ಬಂದಾಗ ಮಾತ್ರ
ದನಿ ತಗ್ಗಿಸಿದ,
ಸಾವಿನ ಸುದ್ದಿ ತಂದವನಂತೆ.

"ಕಾರ್ಡು ದೊಡ್ಡದು ಹಾಕಿ ಪ್ರೊಸೆಸರು ಸಣ್ಣದಾದ್ರೆ..."
ಗೊತ್ತಾಯಿತು ಬಿಡಪ್ಪ,
ವೋಲ್ವೋ ತಂದು ಕಲಾಸಿಪಾಳ್ಯದ ಗಲ್ಲಿಗೆ ನುಗ್ಗಿಸಿದ ಹಾಗೆ.
ಈಗ ನಕ್ಕ. ಒಂದು ಸಾಲು ಹೊಡೆದುಹಾಕಿದ.

ಒಳಗಿನಿಂದ ಮಾಲೀಕ ಭವರ್‌ಲಾಲ್:
"ಸೆಕೆಂಡ್ಸ್ ಐತೆ ಅಮ್ಮ, ಅರ್ಧ ರೇಟು, ಹೊಸದರ ಹಂಗೆ."
ಫ್ಯಾನಿನ ಎಲೆಗಳ ಬುಡದಲ್ಲಿ ಯಾರದೋ ಮನೆಯ ಧೂಳು.
ಡಿಪೋದಲ್ಲಿ ಬಣ್ಣ ಬಳಿಸಿಕೊಂಡು ಬರುವ ಬಸ್ಸುಗಳನ್ನು
ನಾನು ಕಾಣದವಳೇ?
ಮೂಗಿನ ಹತ್ತಿರ ಹಿಡಿದೆ, ಕಮಟು.
ವಾಪಸು ಕೊಟ್ಟೆ.

ಗಾಜಿನ ಪೆಟ್ಟಿಗೆ, ಒಳಗೆ ಓಡುವ ಬಣ್ಣದ ದೀಪ,
ಥೇಟು ಮದುವೆ ಛತ್ರದ ಬಾಗಿಲು. ಬೇಡ, ಕರೀದು ಕೊಡಿ.
"ಪವರ್ ಸಪ್ಲೈ ಮಾತ್ರ ಅಗ್ಗದ್ದು ತಗೋಬೇಡಿ" ಅಂದ ನಯಾಜ್.
ಸುಂಕದಕಟ್ಟೆಯಲ್ಲಿ ಹೋದ ಕರೆಂಟು
ಎಂಥ ಸಿಟ್ಟಿನಲ್ಲಿ ವಾಪಸು ಬರುತ್ತದೆಂದು ಅವನಿಗೂ ಗೊತ್ತು,
ಅವನ ಮನೆಯೂ ಅಲ್ಲೇ, ನಾಲ್ಕನೇ ಕ್ರಾಸು.

ಮೇಲಿನ ಅಟ್ಟದಲ್ಲಿ ಸ್ಟೀರಿಂಗೊಂದು ಇತ್ತು.
ನಾನು ಕೇಳಿರಲಿಲ್ಲ. ನೋಡಿದ್ದನ್ನು ನೋಡಿರಬೇಕು,
ಇಳಿಸಿ ಮುಂದಿಟ್ಟ.
ಹಿಡಿದೆ.
ನಾನು ಸೀಟಿ ಊದಿದರೆ ಹೊರಟಿತು,
ಊದಿದರೆ ನಿಂತಿತು, ಇಷ್ಟು ವರ್ಷ;
ತಿರುಗಿದ್ದು ಮಾತ್ರ ಇನ್ನೊಬ್ಬರ ಕೈಯಲ್ಲಿ.
ಎಡಕ್ಕೆ ಒಂದು ಸುತ್ತು. ಬಲಕ್ಕೆ.
ಕೈಬಿಟ್ಟರೆ ತಾನೇ ನೇರಕ್ಕೆ ಬಂತು.
ಬೆಲೆ ಚೀಟಿ ತಿರುಗಿಸಿ ನೋಡಿ
"ಮುಂದಿನ ವರ್ಷ" ಅಂದೆ.
ಅಲ್ಲಿವರೆಗೆ ಕೀಬೋರ್ಡಿನ ನಾಲ್ಕು ಬಾಣ.

ಚೀಟಿ ಎತ್ತಿದ ದುಡ್ಡು ಎಣಿಸುವಾಗ
ನೋಟುಗಳು ತಾವಾಗೇ ಉದ್ದಕ್ಕೆ ಮಡಿಸಿಕೊಂಡು
ಬೆರಳಸಂದಿಗೆ ಹೋದವು.
ಭವರ್‌ಲಾಲ್ ಕನ್ನಡಕ ಸರಿಸಿದ: "ಯಾವ ರೂಟು?"
"ಮಾಗಡಿ ರೋಡು."
ಇನ್ನೂರು ರೂಪಾಯಿ ಬಿಟ್ಟ.

ಮಾರ್ಕೆಟ್ಟಿನ ಸ್ಟಾಪಿನಲ್ಲಿ ಕಂಡಕ್ಟರು ಹೊಸ ಹುಡುಗಿ,
ಸೀಟಿ ಇನ್ನೂ ಹೊಳೆಯುತ್ತಿತ್ತು.
"ನನಗೆ ಪಾಸಿದೆ. ಈ ಡಬ್ಬಕ್ಕೆ ಟಿಕೆಟ್ ಕೊಡು."
"ಬಿಡಿ ಅಕ್ಕ, ನೀವು ನಮ್ಮವರೇ."
"ನಾನು ನಿಮ್ಮವಳು. ಇದು ಲಗೇಜು.
ಚೆಕಿಂಗಿನವರು ಹತ್ತಿದರೆ ಮೆಮೋ ನಿನಗೆ."
ಕೊಟ್ಟಳು.

ಡ್ರೈವರಿನ ಹಿಂದಿನ ಸೀಟು, ತೊಡೆಯ ಮೇಲೆ ಡಬ್ಬ.
ಟೋಲ್‌ಗೇಟಿನ ಹತ್ತಿರ ಅವನು ಗೇರು ಬದಲಿಸಿದ,
ನನ್ನ ಎಡಗಾಲು
ಕ್ಲಚ್ಚು ಒತ್ತಿತು.