ಎಡಗೈ

ದಾರ ಹರಿಯಾಕ ಕತ್ತರಿ ಹುಡುಕಿದಾಕಿ ಅಲ್ಲ ನಾನು.
ನಲವತ್ತು ವರ್ಷ, ಕೋರೆಹಲ್ಲಿನ ಬಾಜೂಕಿನ ಈ ಹಲ್ಲಽ ನನ್ನ ಕತ್ತರಿ.
ರೇಷ್ಮಿ ಎಳಿ ಬಾಯಾಗಿಟ್ಟು ಟಕ್ ಅಂತ ಕಡದು,
ತುದಿ ಉಗುಳಿ, ಗಂಟು ಹಾಕಿ, ಮತ್ತ ಲಾಳಿ ಒಗದು
ಮದುವಿ ಖಣ ಎಷ್ಟು ನೇಯ್ದೆನೋ, ಹಲ್ಲಿಗೇ ಲೆಕ್ಕ ಗೊತ್ತು.
ಈಗ ಅದು ಬಾಕಿ ಕೇಳಾಕ ಕುಂತೈತಿ,
ರಾತ್ರಿ ಎರಡಕ್ಕ.

ಲವಂಗ ಇಟ್ಟೆ. ಉಪ್ಪುನೀರು ಮುಕ್ಕಳಿಸಿದೆ.
ಓಣಿಯ ನೀಲವ್ವ ಹೇಳಿದಳು ಅಂತ ಇಂಗು ಒತ್ತಿದೆ,
ಮನಿ ತುಂಬ ಒಗ್ಗರಣಿ ವಾಸನಿ, ನೋವು ಇದ್ದಲ್ಲೇ.
ಬೇವಿನ ಗಿಡಕ್ಕ ಮಳಿ ಬಡದು
ಹಲ್ಲುನೋವು ಗಿಡಕ್ಕ ದಾಟಸ್ತಾನಂತ ಒಬ್ಬ ಮುತ್ಯಾನ ಕಡೆ ಹೋದೆ.
ಗಿಡದಾಗ ಆಗಲೇ ಇನ್ನೂರು ಮಳಿ.
ಪಾಪ, ಅದಕ್ಕ ಬಾಯಿಲ್ಲ.

"ರೂಟ್ ಕೆನಾಲ್ ಮಾಡಿಸಬೇಕಂತರಿ ಅತ್ತಿ" ಅಂದ ಅಳಿಯ ಸಂಗನಬಸು.
ಕೆನಾಲ್ ಅಂದ್ರ ನಂಗ ಗೊತ್ತಿದ್ದದ್ದು ಒಂದಽ:
ತವರುಮನಿ ಹೊಲದ ನಡುವ ಜೆಸಿಬಿ ತಂದು ತೋಡಿದ್ದು,
ಎರಡೂ ಕಡೆ ಮಣ್ಣಿನ ಗುಡ್ಡಿ, ನೀರು ಬಂದದ್ದು ಹನ್ನೊಂದು ವರ್ಷಕ್ಕ.
ಕನ್ನಡಿ ಮುಂದ ಬಾಯಿ ತೆರದು ನೋಡಿದೆ.
ಇಷ್ಟು ಸಣ್ಣ ಜಾಗಾದಾಗ ಅದೆಲ್ಲಿ ನಿಲ್ಲಬೇಕು?

ಎರಡು ಸಲ ಬಾಗಲಕೋಟಿಗೆ ಹೋಗಿ ತಿರುಗಿ ಬಂದೆ.
ಮೊದಲ ಸಲ ದವಾಖಾನಿ ಮೆಟ್ಟಿಲ ತನಕ.
ಎರಡನೇ ಸಲ ಬಾಕಿನ ಮ್ಯಾಲೆ ಕುಂತಿದ್ದೆ, ಒಳಗ ಗುಂಯ್ ಅಂತು,
ನನ್ನ ಚಪ್ಪಲಿ ತಾವಽ ಹೊರಗ ನಡದವು.
ನವನಗರದಾಗ ಬದನಿಕಾಯಿ ಕೊಂಡು ಮನಿಗಿ ಬಂದು
"ಡಾಕ್ಟರ್ ಇರಲಿಲ್ಲ" ಅಂದೆ.
ಸುಳ್ಳು ಹೇಳಿದ ಬಾಯಿ ಆ ರಾತ್ರಿ
ಎರಡರಷ್ಟು ಜಡೀತು.

ಖರೇ ಹೇಳ್ತೀನಿ, ಅಂಜಿಕಿ ಸೂಜಿದಲ್ಲ.
ಮೂರು ಹೆರಿಗಿ ಕಂಡೀನಿ, ಒಂದರ ಬ್ಯಾನಿ ಮಗ್ಗದ ಕುಣ್ಯಾಗಽ ಸುರುವಾಗಿತ್ತು.
ಅಂಜಿಕಿ, ಬಾಯಿ ತೆರದು ಮಲಗೂದರದು.
ಮ್ಯಾಲೆ ದೀಪ, ಮುಖದ ಮ್ಯಾಲೆ ಮಂದಿ ಕೈ,
ಸಾಕು ಅನ್ನಾಕ ನಾಲಿಗಿಗೆ ಜಾಗ ಇಲ್ಲ.
ಹಂಗ ಮಲಗಿದ್ದು ಗೊತ್ತೈತಿ ನನಗ.
ಅದನ್ನ ಇಲ್ಲಿ ಹೇಳೂದಿಲ್ಲ.

ಮೂರನೇ ಸಲ, ಮಂಗಳವಾರ.
ಡಾಕ್ಟರ್ ತಹಸೀನ್, ನನ್ನ ಮಗಳಿಗಿಂತ ಸಣ್ಣಾಕಿ,
ಬಾಯಿಗೆ ಮಾಸ್ಕು, ಕಣ್ಣಷ್ಟಽ ಕಾಣತಾವ.
"ಅಮ್ಮಾ, ಈ ಎಡಗೈ ಐತೆಲ್ಲ,
ನೋವಾದ್ರ, ನೋವಾಗದಽ ಬ್ಯಾಸರಾದ್ರೂ,
ಇದನ್ನ ಎತ್ತ್ರಿ. ನಾ ನಿಲ್ಲಿಸ್ತೀನಿ."

ಎಡಗೈ.
ಹಲಗಿ ಎಳಿಯೂ ಕೈ ಅದು. ಹದಿಮೂರನೇ ವರ್ಷದಿಂದ
ಎಳದು, ಬಡದು, ಎಳದು, ಬಡದು.
ಅದನ್ನ ಎತ್ತಿದ್ರ ಏನಾರ ನಿಲ್ಲತೈತಿ ಅಂತ
ಯಾರೂ ಹೇಳಿರಲಿಲ್ಲ.

ಗುಂಯ್ ಸುರುವಾತು.
ಕಣ್ಣು ಮುಚ್ಚಿ ಖಣ ನೇಯಾಕ ಹತ್ತಿದೆ,
ಹಾಸು ಹಸರು, ಹೊಕ್ಕು ಕೆಂಪು,
ಸೂಜಿಮಲ್ಲಿಗಿ ಒಂದು ಸಾಲು, ಆನಿಹೆಜ್ಜಿ ಒಂದು ಸಾಲು.
ಮೂರನೇ ಸಾಲಿಗೆ ನೋವಿಲ್ಲ, ಬರೇ ಸಪ್ಪಳ.
ಅವಾಗ ನನಗೊಂದು ಕೆಟ್ಟ ಆಸಿ ಬಂತು.
ಏನೂ ಆಗದಽ ಎಡಗೈ ಎತ್ತಿದೆ.

ನಿಂತಿತು.

ಫ್ಯಾನಿನ ಸಪ್ಪಳ ಕೇಳಿಸ್ತು. ಹೊರಗ ಯಾರೋ ಟಂಟಂ ಚಾಲೂ ಮಾಡಿದರು.
"ನೋವಾತೇನ್ರೀ?"
ಇಲ್ಲಂತ ತಲಿ ಅಲ್ಲಾಡಿಸಿದೆ.
"ಮತ್ತ?"
ಬಾಯ್ತುಂಬ ಹತ್ತಿ. ಏನು ಹೇಳಲಿ.
ಕೈ ಇಳಿಸಿದೆ. ಮತ್ತ ಗುಂಯ್.
ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಎತ್ತಿದೆ.
ಇನ್ನೊಮ್ಮೆಯೂ ನಿಂತಿತು.
ಆಕಿ ನಕ್ಕಳಂತ ಕಾಣತೈತಿ, ಮಾಸ್ಕಿನ ಮ್ಯಾಲೆ ಕಣ್ಣು ಸಣ್ಣಾದವು.

ಆಮ್ಯಾಲೆ ತೋರಿಸಿದಳು, ಹತ್ತಿ ಮ್ಯಾಲೆ, ತೆಗದ ನರ.
ಕೆಂಪಲ್ಲ, ಬಿಳಿಯಲ್ಲ, ಒಂದು ಎಳಿ,
ಬೆರಳಿನ ಗಿಣ್ಣಿನುದ್ದನೂ ಇಲ್ಲ.
ಇದಕ್ಕ ಇಷ್ಟು ದಿನದ ನಿದ್ದಿ ಕೊಟ್ಟೆನಾ?
ಇಂಥಾ ಎಳಿ ದಿನಾ ಉಗುಳತಿದ್ದೆ ನಾನು.

ಇನ್ನೂ ಎರಡು ಸಲ ಹೋಗಬೇಕು. ಅಂಜಿಕಿ ಹೋಗಿಲ್ಲ,
ಕೂಡ ಬರತೈತಿ, ಚೀಲದಾಗ ನೀರಿನ ಬಾಟ್ಲಿ ಬಂದಂಗ.

ಸಂಜಿಕ ಗುಳೇದಗುಡ್ಡದ ಬಸ್ಸಿಗೆ
ರಸ್ತಾದ ಬಾಜೂಕ ನಿಂತು ಎಡಗೈ ಎತ್ತಿದೆ.
ಧೂಳ ಎಬ್ಬಿಸಿ ಹೋತು.
ನಗು ಬಂತು, ಅರ್ಧ ತುಟಿಗೆ ಅಷ್ಟಽ.
ಇನ್ನರ್ಧಕ್ಕ ಸುದ್ದಿ ಇನ್ನೂ ಮುಟ್ಟಿರಲಿಲ್ಲ.