ಅರ್ಧಕ್ಕಿಂತ ಹೆಚ್ಚು

ಬ್ಯಾಡಗಿಯ ಮೋಟೆಬೆನ್ನೂರ ರಸ್ತೆಯ ಕಾರ್ಖಾನೆ
ಮಂಗಳವಾರ ಮಾರಾಟವಾಯಿತು.
ಒಂದು ಇಟ್ಟಿಗೆ ಅಲುಗಲಿಲ್ಲ.
ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು
ಯಾರೂ ಹೆಬ್ಬೆರಳಿಗೆ ಮಸಿ ಹಚ್ಚಿಕೊಳ್ಳಲಿಲ್ಲ.
ಎಲ್ಲೋ ಒಂದು ದ್ವೀಪದಲ್ಲಿ
ಟಪಾಲು ಪೆಟ್ಟಿಗೆಯಷ್ಟೇ ಇರುವ ಕಂಪನಿಯ ಷೇರು
ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.
ಕೊಂಡವರು ರಾಟರ್‌ಡ್ಯಾಮಿನ ಬಣ್ಣದ ವ್ಯಾಪಾರಿಗಳು,
ತುಟಿಗೂ ಸಾಸೇಜಿಗೂ ಕೆಂಪು ಮಾರುವವರು.

ದುಡ್ಡು ಮಾತ್ರ ನಡುದಾರಿಯಲ್ಲಿ ನಿಂತಿದೆ
ಎಸ್ಕ್ರೋ ಖಾತೆಯಲ್ಲಿ, ಇಬ್ಬರೂ ಮುಟ್ಟದ ಹಾಗೆ.
ಕಾನೂನು ಕೇಳುವುದು ಇಷ್ಟೇ:
ಆ ಷೇರಿಗೆ ಬೆಲೆ ಬಂದದ್ದು ಎಲ್ಲಿಂದ?
ಅರ್ಧ, ಇಲ್ಲವೆ ಅರ್ಧಕ್ಕಿಂತ ಹೆಚ್ಚು, ಈ ನೆಲದ್ದಾದರೆ
ಅಲ್ಲಿ ಮಾರಿದ್ದೂ ಇಲ್ಲಿ ಮಾರಿದಂತೆ.
ಉತ್ತರ ಬರೆಯಬೇಕಾದವಳು ನಾನು,
ಹುಬ್ಬಳ್ಳಿ ಕೊಪ್ಪಿಕರ ರಸ್ತೆ, ಬಟ್ಟೆ ಅಂಗಡಿಯ ಮಾಳಿಗೆ,
ವಿಮಲಾಕ್ಷಿ ಕಂಚಗಾರ, ಆಡಿಟರು.

ರಾತ್ರಿ ಹನ್ನೊಂದೂವರೆಗೆ ಫೋನು.
ಮಾರಿದವರ ವಕೀಲರದು ಬೆಣ್ಣೆಯಂಥ ದನಿ:
"ಬ್ರ್ಯಾಂಡು ದ್ವೀಪದಲ್ಲೇ ನೋಂದಣಿ ಆಗಿದೆ, ಮೇಡಂ.
ಅದರ ಬೆಲೆ ಒಂದಿಷ್ಟು ಏರಿಸಿ ನೋಡಿ.
ಇಲ್ಲಿಯದು ನಲವತ್ತೊಂಬತ್ತಕ್ಕೆ ಇಳಿದರೆ ಸಾಕು."
ನಮ್ಮಜ್ಜ ಹಳೇ ಕೊಡ ಕೊಳ್ಳುವಾಗ
ತಕ್ಕಡಿಗೆ ಇಡುವ ಮೊದಲು ಬೋರಲು ಹಾಕಿ
ತಳದ ಬೆಸುಗೆ ಕೆರೆಯುತ್ತಿದ್ದ:
ಸೀಸ ತುಂಬಿ ತಂದಿರುತ್ತಾರೆ.

ಗುರುವಾರ ಹೋದೆ, ಪೇಟೆಯ ದಿನ.
ಮುಂಬಯಿಯಿಂದ ನನ್ನ ಜೊತೆ ಬಂದ ಮೌಲ್ಯಮಾಪಕ
ಗೇಟಿನಲ್ಲೇ ಹದಿನಾಲ್ಕು ಸಲ ಸೀನಿದ.
ಬಾಯ್ಲರು, ಶೀತಲಗೃಹ, ಎರಡೆಕರೆ ಅಂಗಳ, ಎಣ್ಣೆ ತೆಗೆಯುವ ಕಡಾಯಿ,
ಎಲ್ಲಕ್ಕೂ ಅಂಕಿ ಬಿತ್ತು.
ಘಾಟಿಗೆ ಕಾಲಮ್ಮಿಲ್ಲ.

ತಗಡಿನ ಶೆಡ್ಡಿನಲ್ಲಿ ತೊಟ್ಟು ಮುರಿಯುವವರು.
ಕೈಗೆ ಕೊಬ್ಬರಿ ಎಣ್ಣೆ, ಮೂಗಿಗೆ ಸೆರಗು.
ದ್ಯಾಮವ್ವ ತಲೆ ಎತ್ತದೆ ಕೇಳಿದಳು:
"ಮಾಲಕರು ಬದಲಿ ಆದರಂತಲ್ರೀ?"
ಹೌದವ್ವ.
"ಹಿಂದಿನವರು ಯಾರಿದ್ದರು?"
ನಾನು ದ್ವೀಪದ ಹೆಸರು ಹೇಳಿದೆ.
ಅದು ಹಿರೇಕೆರೂರ ಕಡೆ ಬರುತ್ತದೇನು ಎಂದಳು.
"ಕೂಲಿ?"
ಅದು ನನ್ನ ಫಾರ್ಮಿನೊಳಗಿಲ್ಲ ಎಂದೆ.
ಆಕೆ ಇನ್ನೊಂದು ಕಾಯಿ ಎತ್ತಿಕೊಂಡಳು.

ಕಾಟಾದ ಮೇಲೆ ಲಾರಿ.
ನದಾಫರ ಫಕ್ಕೀರಸಾಬ ಕಿಟಕಿಯಿಂದ ಕೂಗಿದ:
"ಏ, ಕೆಳಗಿಳಿಯೋ, ನಿನ್ನೇನು ಎಣ್ಣಿ ತೆಗೀತಾರೇನು?"
ಡ್ರೈವರು ಇಳಿದ. ಎಪ್ಪತ್ತು ಕಿಲೊ ಇಳಿಯಿತು.
ಈ ಕಾರ್ಖಾನೆ ಎಷ್ಟು ಬಾಳುತ್ತದೆ, ನೀವೇ ಹೇಳಿ ಎಂದೆ.
"ನಾ ತೂಕಾ ಹೇಳಾವ್ರೀ ಅಕ್ಕಾರ,
ಬೆಲಿ ಹೇಳಾವ್ರು ಬ್ಯಾರೆ."

ಹಿಂದಿರುಗುವಾಗ ಬಂಕಾಪುರ ದಾಟುವ ತನಕ
ಆ ಡ್ರೈವರನದೇ ಯೋಚನೆ.
ಬ್ರ್ಯಾಂಡೆಂದರೆ ಏನು? ಡಬ್ಬಿಯ ಮೇಲಿನ ಮೂರಕ್ಷರ.
ಇಳಿಸಿ ತೂಗಿದೆ. ಹತ್ತಿಸಿ ತೂಗಿದೆ.
ಅವರು ಕೇಳಿದಷ್ಟಲ್ಲದಿದ್ದರೂ ಧಾರಾಳವಾಗಿಯೇ ಬೆಲೆ ಕೊಟ್ಟೆ.
ಆದರೂ ಎಪ್ಪತ್ತೊಂದು.

ಈ ತೆರಿಗೆ ಬ್ಯಾಡಗಿಗೆ ಬರುವುದಿಲ್ಲ, ಗೊತ್ತು.
ದಿಲ್ಲಿಗೆ ಹೋಗುತ್ತದೆ, ಅದೂ ಹೋದರೆ.
ದ್ವೀಪದ ಒಪ್ಪಂದ ಹಿಡಿದು ಅವರು ಮೇಲ್ಮನವಿ ಹಾಕುತ್ತಾರೆ,
ನನ್ನ ವರದಿ ಅನುಬಂಧ ಏಳು ಆಗುತ್ತದೆ,
ಕರಡಿನ ಒಂದು ಅಲ್ಪವಿರಾಮಕ್ಕೆ
ಇಬ್ಬರು ಹಿರಿಯ ವಕೀಲರು ಮೂರು ದಿನ ವಾದಿಸುತ್ತಾರೆ.
ಬೇರೆ ಆಡಿಟರು ಸಿಗುತ್ತಾರೆ ಅವರಿಗೆ, ಬರುವ ವರ್ಷ.

ಎಪ್ಪತ್ತೊಂದು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು
ಸಹಿ ಮಾಡಿ, ನಿದ್ದೆಗಣ್ಣು ಉಜ್ಜಿಕೊಂಡೆ.
ಎರಡು ಸಲ ಸೋಪು ಹಾಕಿ ತೊಳೆದ ಕೈ.
ಆದರೂ ಉರಿಯಿತು ನೋಡಿ,
ಆ ಒಂದು ಕಣ್ಣು, ಬೆಳಗಿನ ತನಕ.