ಐದೂವರೆ

ನಮ್ಮಲ್ಲಿ ಮಳೆಗೆ ಇಂಚು, ಪಾದಕ್ಕೆ ನಂಬರು.
ಮಿಲಿಮೀಟರು ಆಫೀಸಿಗೆ ಮಾತ್ರ.
ದಿನಾ ಬೆಳಿಗ್ಗೆ ಎಂಟೂವರೆಗೆ ಗುಡ್ಡ ಹತ್ತಿ
ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು
ಬಿದ್ದದ್ದೆಷ್ಟೆಂದು ಬರೆದುಕೊಂಡು ಬರುವವಳು ನಾನು.
ನನ್ನ ಪಾದದ ನಂಬರನ್ನು
ಈವರೆಗೆ ಯಾರೂ ಕೇಳಿರಲಿಲ್ಲ.

ಪಳಂಗಪ್ಪನವರು ನಿವೃತ್ತರಾದಾಗ
ಕೆಲಸದ ಜೊತೆ ಅವರ ಗಂಬೂಟೂ ನನಗೆ ಬಂತು.
ಒಂಬತ್ತು ನಂಬರು. ಒಳಗೆ
ಅವರ ಹೆಬ್ಬೆರಳು ವರ್ಷಗಟ್ಟಲೆ ಒತ್ತಿದ ಹಳ್ಳ.
ಮುಂದೆ ಪೇಪರು ತುರುಕಿದೆ, ಹಿಂದೆ ಸ್ಪಂಜು.
ಮೂರು ಮಳೆಗಾಲ
ಇನ್ನೊಬ್ಬರ ಕಾಲಿನಲ್ಲಿ ಬಾಡಿಗೆಗಿದ್ದೆ.
ಇಳಿಜಾರಿನಲ್ಲಿ ನಾನು ಒಂದು ಹೆಜ್ಜೆ ಮುಂದೆ,
ಬೂಟು ಅರ್ಧ ಹೆಜ್ಜೆ ಹಿಂದೆ.
ಹೋದ ಕಕ್ಕಡದಲ್ಲಿ, ಹನ್ನೊಂದು ಇಂಚು ಸುರಿದ ದಿನ,
ಎಡಗಾಲಿನ ಎರಡು ಉಗುರು
ಒದ್ದೆ ಪೇಪರಿಗೆ ಅಂಟಿಕೊಂಡೇ ಬಂದವು.
ಪೇಪರಿನ ಆ ಭಾಗದಲ್ಲಿ
ಕರಿಮೆಣಸಿನ ರೇಟು ಅಚ್ಚಾಗಿತ್ತು.

ಈ ಸಲ ಮಳೆ ಹಿಡಿಯುವ ಮೊದಲೇ
ಭಾಗಮಂಡಲದಿಂದ ಬಸ್ಸು ಹತ್ತಿ ಮಡಿಕೇರಿಗೆ ಬಂದೆ.
ಬೇಕೆಂದೇ ಸಂಜೆ ಬಂದೆ.
ಬೆಳಗಿನ ಕಾಲು ಸುಳ್ಳು ಹೇಳುತ್ತದೆ,
ನಡೆದು ಊದಿದ ಕಾಲನ್ನೇ ಕೇಳಬೇಕು.
ಚೀಲದಲ್ಲಿ ಉಣ್ಣೆಯ ಕಾಲುಚೀಲವೂ ಇತ್ತು,
ಮೊಣಕಾಲಿನವರೆಗೆ ಬರುವಂಥದ್ದು.

ಆಲಿಕುಟ್ಟಿ ಏಣಿ ಹತ್ತಿ
“ಲೇಡೀಸ್” ಎಂದು ಗುಲಾಬಿ ಪಟ್ಟಿಯದೊಂದು ಇಳಿಸಿದ.
ತಿರುಗಿಸಿ ಅಟ್ಟೆ ನೋಡಿದೆ,
ದೋಸೆ ಕಾವಲಿಯಷ್ಟು ನುಣುಪು.
“ಈ ಅಟ್ಟೆಗೆ ಪಾಚಿಗಲ್ಲು ಸಿಕ್ಕರೆ
ಆ ಅಟ್ಟೆಗೆ ನಾನು ಸಿಗುತ್ತೇನೆ” ಎಂದೆ.
ನಕ್ಕ. ನಮ್ಮ ಮಾತಿನಲ್ಲೂ ಅವನ ಮಾತಿನಲ್ಲೂ
ಜಿಗಣೆಗೆ ಹೆಚ್ಚುಕಡಿಮೆ ಅದೇ ಹೆಸರು.

“ಹಾಗಾದರೆ ಜೆಂಟ್ಸಿನ ಸಣ್ಣದು ಕೊಡಲಾ? ಎಲ್ಲ ಒಂದೇ.”
ಒಂದೇ ಅಲ್ಲ ಆಲಿಕುಟ್ಟಿ.
ಬೆರಳ ಬುಡದಲ್ಲಿ ನಾನು ಅಗಲ, ಹಿಮ್ಮಡಿಯಲ್ಲಿ ಕಿರಿದು.
ಕಟ್ಟಿಕೊಂಡು ಎರಡು ಹೆಜ್ಜೆ ಹಾಕಿದ್ದೇ
ಹಿಮ್ಮಡಿ ಎದ್ದಿತು.
ಗುಳ್ಳೆ ಏಳುವ ಜಾಗ ನನಗೆ ಗೊತ್ತು.

ಮೂರನೆಯದು ಕಪಾಟಿನ ಹಿಂದಿನಿಂದ, ಧೂಳಿನ ಸಮೇತ ಬಂತು.
ಮದ್ದುಸೊಪ್ಪಿನ ಪಾಯಸದ ಬಣ್ಣ,
ಕಣಕಾಲು ಮುಚ್ಚುವ ಎತ್ತರ,
ನಾಲಿಗೆ ಎರಡೂ ಬದಿಗೆ ಹೊಲಿದಿತ್ತು,
ನೀರಿಗೆ ಸಂದಿ ಇರಲಿಲ್ಲ.
ಅಂಗಡಿಯ ಮೆಟ್ಟಿಲು ಹತ್ತು ಸಲ ಇಳಿದೆ.
ಬೆರಳು ಮುಂದೆ ಮುಟ್ಟಲಿಲ್ಲ, ಹಿಮ್ಮಡಿ ಕದಲಲಿಲ್ಲ.
ರಸ್ತೆಯಲ್ಲಿ ಹೋಗುತ್ತಿದ್ದ ಶಾಲೆಯ ಹುಡುಗಿಯೊಬ್ಬಳು
ನಿಂತು ಎಣಿಸುತ್ತಿದ್ದಳು.

“ಒಂದು ಬಕೆಟ್ ನೀರು ಕೊಡಿ.”
“ವಾಟರ್‌ಪ್ರೂಫ್ ಅಂತ ಬರೆದಿದೆಯಲ್ಲಕ್ಕ.”
“ಬರೆಯುವುದೇ ನನ್ನ ಕೆಲಸ.
ನೋಡದೆ ಬರೆಯುವವರನ್ನೂ ಕಂಡಿದ್ದೇನೆ.”
ಅವನು ಸ್ವಲ್ಪ ಹೊತ್ತು ಬೀದಿ ನೋಡಿದ.
ಆಮೇಲೆ ಬಿಲ್ಲಿನ ಹಾಳೆಯೊಂದನ್ನು ಮುಷ್ಟಿಗೆ ಸುತ್ತಿ
ತಾನೇ ಮೊಣಕೈವರೆಗೆ ಬೂಟು ತೊಟ್ಟು
ಬಕೆಟ್ಟಿಗೆ ಇಳಿಸಿದ.
ಟೀ ಬಂತು, ಅವನು ಎಡಗೈಯಲ್ಲಿ ಕುಡಿದ.
ಹಾಳೆ ತೆಗೆದಾಗ ಒಂದು ಮೂಲೆ ತೇವ.
“ಅದು ನನ್ನ ಬೆವರು” ಎಂದ.
ಮೂಸಿ ನೋಡಿದೆ, ತಿಳಿಯಲಿಲ್ಲ.
ಮುನ್ನೂರು ಇಳಿಸಿದ. ಕೊಂಡೆ.

ಆದರೂ ಮೇಲಿನಿಂದ ಇಳಿಯುವ ನೀರಿಗೆ
ಯಾವ ಬೂಟೂ ಜವಾಬ್ದಾರನಲ್ಲ.
ಜೂನಿನ ಮೊದಲ ದೊಡ್ಡ ಮಳೆಗೆ ಅದೂ ಗೊತ್ತಾಯಿತು.
ಲಂಗೋಟಿಯಷ್ಟು ಪ್ಲಾಸ್ಟಿಕ್ಕು ಕತ್ತರಿಸಿ
ಕಣಕಾಲಿಗೆ ಸುತ್ತಿದ್ದೇನೆ, ಈಗ ಪರವಾಗಿಲ್ಲ.
ಗಂಬೂಟನ್ನು ಅಂಗಳದಲ್ಲಿ ನಿಲ್ಲಿಸಿದ್ದೆ,
ರಾತ್ರಿಯಿಡೀ ತುಂಬಿಕೊಂಡಿದೆ ಪಾಪ.

ಇವತ್ತು ಇಳಿದು ಬರುವಾಗ
ತಡಮೆಯ ಹತ್ತಿರ ಪಳಂಗಪ್ಪನವರು ಕೊಡೆ ಹಿಡಿದು ನಿಂತಿದ್ದರು.
ನನ್ನ ಕಾಲನ್ನೇ ನೋಡುತ್ತಿದ್ದರು.
“ಎಷ್ಟು?” ಎಂದರು.
“ಐದೂವರೆ” ಎಂದೆ.
ಅವರು ಆಕಾಶ ನೋಡಿ ತಲೆಯಾಡಿಸಿದರು.
“ಜೂನಿಗೆ ಸಾಕು.”